ನಕ್ಷೆಯಲ್ಲಿದ್ದ ಹಳ್ಳ

ಸೋಮೇಶ ಆಡಿದ್ದು ಒಂದೇ ಸುಳ್ಳು. ಅದೂ ಅವಳ ಕಣ್ಣಲ್ಲಿ ಕಣ್ಣಿಟ್ಟು.

ಭೀಮನಬೀಡಿನಲ್ಲಿ ಹೊಲಗಳೊಳಗೆ ಮುಚ್ಚಿಹೋದ ಹಳೇ ಹಳ್ಳಗಳನ್ನು ಗುರುತಿಸಿ ಬಿಡಿಸಲು ಬಂದಿದ್ದ ಸರ್ವೇಯರ್ ಶಿವರಂಜಿನಿ ಅವನ ಜಗಲಿಯಲ್ಲಿ ಕೂತು, "ನಿಮ್ಮ ತಾತ ಪಟೇಲರಾಗಿದ್ರಂತೆ. ಅವರ ಕಾಲದ ನಕ್ಷೆ ಇದೆಯಂತಲ್ಲ?" ಎಂದಳು.

"ಇಲಿ ತಿಂದಾಕ್ಬುಟ್ಟವು ಮೇಡಂ."

"ನಕ್ಷೆ ತಿನ್ನೋ ಇಲಿ! ಓದಿಕೊಂಡಿದ್ದೇ ಇರಬೇಕು."

ನಕ್ಕಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಅದನ್ನು ಇನ್ನೊಮ್ಮೆ ನೋಡುವ ಆಸೆ ಸೋಮೇಶನಿಗೆ. ಆದರೆ ಒಳಗಿನ ಪೆಟ್ಟಿಗೆಯಲ್ಲಿ ನಕ್ಷೆ ನೆಟ್ಟಗಿತ್ತು. ಅದರಲ್ಲಿ ಹಳ್ಳದ ನೀಲಿ ಗೆರೆ ಅವನ ಅರಿಶಿನದ ಹೊಲದ ನಡುವೆಯೇ ಹಾದಿತ್ತು.

ಒಂದು ವಾರ ದಾರಿ ತೋರಿಸುವ ನೆವದಲ್ಲಿ ಅವಳ ಜೊತೆ ಬದು ಬದು ಅಲೆದ. ನಕ್ಷೆ ಇಲ್ಲವೆಂಬ ಅವನ ಮಾತನ್ನು ಅವಳು ನಂಬಿ, ಅವನ ಹೊಲದಲ್ಲಿ ಹಳ್ಳವಿಲ್ಲ ಎಂದು ಬರೆದುಕೊಂಡು ಹೋದಳು.

ಶ್ರಾವಣದ ಮಳೆ ಜೋರಾಯಿತು. ಅವನು ಬೇಸಿಗೆಯಲ್ಲಿ ಎತ್ತರಿಸಿದ್ದ ಬದುವಿಗೆ ಬಡಿದ ನೀರು ತಿರುಗಿ, ಪಕ್ಕದ ಪುಟ್ಟಮಲ್ಲಮ್ಮನ ಚೆಂಡುಹೂವಿಗೆ ನುಗ್ಗಿತು. ಇನ್ನೆರಡು ದಿನಕ್ಕೆ ಕೊಯ್ಯಬೇಕಿದ್ದ ಹೂವು.

"ಗಂಗಮ್ಮ ಮುನ್ಸ್ಕೊಂಡ್ಳು ಕಣಪ್ಪ. ಯಾರ್ನ ಅನ್ನನ?" ಅಂದಳು ಮುದುಕಿ. ಸೋಮೇಶ ತಲೆ ಎತ್ತಲಿಲ್ಲ.

ಮರುದಿನ ನಕ್ಷೆ ಸುತ್ತಿಕೊಂಡು ಗುಂಡ್ಲುಪೇಟೆ ಬಸ್ ಹತ್ತಿದ. ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಶಿವರಂಜಿನಿಯ ಮುಂದೆ ಬಿಚ್ಚಿಟ್ಟ.

ಅವಳ ಬೆರಳು ನೀಲಿ ಗೆರೆಯ ಗುಂಟ ಹೋಗಿ ನಿಂತಿತು. ಬೈಯುತ್ತಾಳೆಂದು ಕಾದ.

"ಹಳ್ಳ ಇಲ್ಲ ಅಂತ ಸೈನ್ ಹಾಕಿದವಳು ನಾನು," ಎಂದಳು ತಗ್ಗಿದ ದನಿಯಲ್ಲಿ. "ಬೇರೆಯವರು ಹೇಳಿದ್ರೆ ಹತ್ತು ಸಲ ಚೆಕ್ ಮಾಡ್ತಿದ್ದೆ. ನಿಮ್ಮ ಮಾತನ್ನ ಮಾತ್ರ ಯಾಕೆ ಮಾಡಲಿಲ್ಲ, ಗೊತ್ತಾ?"

ಗೊತ್ತಾಯಿತು. ಯಾವ ಮಾತಿಗಾಗಿ ವಾರವಿಡೀ ಹಂಬಲಿಸಿದ್ದನೋ ಅದೇ ಈಗ ಕೆನ್ನೆಗೆ ಹೊಡೆದಂತಾಯಿತು.

"ನಂಗೂ ನಿಮ್ಮ ಮ್ಯಾಲೆ..."

"ಮೊದಲು ಆ ಅಜ್ಜಿಗೆ ಹೇಳಿ. ನಾನು ವರದಿ ತಿದ್ದಿಸ್ತೀನಿ. ನನಗೂ ಬೈಗುಳ ಕಾದಿದೆ."

ಎರಡು ದಿನ ಬಿಟ್ಟು ಅವಳು ಬಂದಾಗ ಸೋಮೇಶ ಗುದ್ದಲಿ ಹಿಡಿದು ಬದು ಒಡೆಯುತ್ತಿದ್ದ.

"ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಏನೂ ಅನ್ನನಿಲ್ಲ. ಕುಡಿಯಕ್ಕೆ ಮಜ್ಜಿಗೆ ಕೊಟ್ರು. ಉಗ್ದಿದ್ರೇ ಚೆಂದಾಗಿತ್ತು." ಅವನು ಮತ್ತೆ ಗುದ್ದಲಿ ಎತ್ತಿದ.

ಕೊನೆಯ ಮಣ್ಣು ಜರಿದು ನೀರು ಅರಿಶಿನದ ಸಾಲುಗಳನ್ನು ತಳ್ಳಿಕೊಂಡು ಹರಿಯಿತು. ಶಿವರಂಜಿನಿ ಚಪ್ಪಲಿ ಕಳಚಿ ಕೆಸರಿಗಿಳಿದು, ಅವನ ಪಕ್ಕ ನಿಂತಳು.

"ಅವತ್ತು ಟೀ ಅಂಗಡೀಲಿ ಮಾತು ಅರ್ಧಕ್ಕೆ ನಿಲ್ಲಿಸಿದ್ರಿ."

"ಇವತ್ತು ಹೇಳಕ್ಕೆ ಮುಖ ಇಲ್ಲ."

"ಸರಿ," ಎಂದು ಅವನ ಮಣ್ಣಿನ ಕೈ ಹಿಡಿದಳು. "ನಾಳೆನೂ ಬರ್ತೀನಿ. ಅಳತೆ ಇನ್ನೂ ಬಾಕಿ ಇದೆ."