ಐದು ಡ್ರ್ಯಾಗನ್, ಒಂದೇ ನೆಲ

ಮಿಡತೆಯ ಕೈಯಲ್ಲಿ ಐದು ಡ್ರ್ಯಾಗನ್ ಕಾರ್ಡುಗಳಿದ್ದವು. ಮೇಜಿನ ಮೇಲೆ ಅವಳ ನೆಲದ ಕಾರ್ಡು ಮಾತ್ರ ಒಂದೇ ಒಂದು.

"ಪಾಸ್," ಎಂದಳು.

"ಮತ್ತೆ ಪಾಸಾ?" ಅಣ್ಣ ತನ್ನ ಇಲಿಗಳ ಸೈನ್ಯವನ್ನು ಮುಂದಕ್ಕೆ ತಳ್ಳಿದ. ಅವಳ ಕೊನೆಯ ಜೀವವೂ ಹೋಯಿತು. ಬೆಳಗ್ಗೆಯಿಂದ ಇದು ನಾಲ್ಕನೇ ಸೋಲು.

ಖುಷಿಯಾದರೆ ನಿಂತಲ್ಲಿ ನಿಲ್ಲುವ ಹುಡುಗಿಯಲ್ಲ ಅವಳು. ಅದಕ್ಕೇ ಮನೆಯವರೆಲ್ಲ ಮಿಡತೆ ಎಂದು ಕರೆಯುತ್ತಿದ್ದರು. ಶನಿವಾರ ಲೈಬ್ರರಿಯಲ್ಲಿ ಕಾರ್ಡ್ ಆಟದ ಸ್ಪರ್ಧೆ, ಇಬ್ಬಿಬ್ಬರ ಟೀಮ್. ಅಣ್ಣನ ಜೋಡಿಯಾಗಬೇಕೆಂದು ಅವಳು ವಾರದಿಂದ ಕುಣಿಯುತ್ತಿದ್ದಳು. ಸಂಜೆಯೊಳಗೆ ಒಂದು ಆಟವಾದರೂ ತನ್ನನ್ನು ಸೋಲಿಸಬೇಕು, ಇಲ್ಲದಿದ್ದರೆ ಎದುರುಮನೆಯ ಕನ್ನಡಕದ ಹುಡುಗನೇ ಜೋಡಿ ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ.

ಅವಳು ಕಾರ್ಡುಗಳನ್ನು ಬಾಚಿಕೊಂಡು ಹೋಗಿ ಅಜ್ಜಿಯ ಹೊಲಿಗೆ ಮಶೀನಿನ ಪಕ್ಕ ಕುಕ್ಕರಿಸಿದಳು. ಯೂನಿಫಾರ್ಮಿಗೆ ಕಾಲರ್ ಕೂರಿಸುತ್ತಿದ್ದ ಅಜ್ಜಿ ಆಟ ಹೇಗೆಂದು ಕೇಳಿದರು. ಮಿಡತೆ ಒಂದೇ ಉಸಿರಿಗೆ ಹೇಳಿದಳು. ಸರದಿಗೆ ಒಂದು ನೆಲ ಇಡಬಹುದು. ಇಟ್ಟ ಪ್ರತಿ ನೆಲವೂ ಸರದಿಗೊಂದು ಶಕ್ತಿ ಕೊಡುತ್ತದೆ. ಆ ಶಕ್ತಿ ಖರ್ಚು ಮಾಡಿಯೇ ಪ್ರಾಣಿಗಳನ್ನು ಕರೆಯಬೇಕು. ಅಳಿಲಿಗೆ ಎರಡು ಸಾಕು, ಡ್ರ್ಯಾಗನ್‌ಗೆ ಆರು ಬೇಕು. ಕರೆದ ಪ್ರಾಣಿ ಆಗಲೇ ನುಗ್ಗಬಹುದು, ಅಳಿಲೊಂದು ಕಾವಲು ದಾಟಿದರೂ ಎದುರಾಳಿಯ ಒಂದು ಜೀವ ಹೋಗುತ್ತದೆ.

"ನಿನ್ನ ಹತ್ರ ನೆಲ ಎಷ್ಟಿದೆ?"

"ನಲವತ್ತು ಕಾರ್ಡಲ್ಲಿ ಐದು. ಅದ್ರಲ್ಲಿ ಏನಿದೆ ಅಜ್ಜಿ, ಬರೀ ಹುಲ್ಲಿನ ಚಿತ್ರ. ಡ್ರ್ಯಾಗನ್ ಹನ್ನೆರಡಿದೆ."

ಅಜ್ಜಿ ಮಶೀನು ನಿಲ್ಲಿಸಿದರು. "ಡಬ್ಬಿ ತುಂಬ ಗುಂಡಿ ಇಟ್ಕೊಂಡಿದ್ದೀಯ. ಅಂಗಿಗೆ ಬಟ್ಟೆನೇ ತಂದಿಲ್ಲ."

ಮಿಡತೆಗೆ ನಗು ಬಂತು. ನಗುತ್ತಲೇ ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿದಳು. ಒಂದೊಂದಕ್ಕೂ ಸಾರಿ ಹೇಳುತ್ತಾ ಹನ್ನೊಂದು ಡ್ರ್ಯಾಗನ್‌ಗಳನ್ನು ತೆಗೆದಿಟ್ಟಳು. ಆ ಜಾಗಕ್ಕೆ, ಬೇಡವೆಂದು ಹಿಂದೆ ಬದಿಗಿಟ್ಟಿದ್ದ ಹನ್ನೊಂದು ನೆಲ ಬಂತು.

ಐದನೇ ಆಟದಲ್ಲಿ ಮೊದಮೊದಲು ಬರೀ ನೆಲವೇ ಸಿಕ್ಕಿತು. ತೋಟ ಮಾಡ್ತೀಯಾ ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು, ಎಷ್ಟೆಂದರೆ ಬಿಕ್ಕಳಿಕೆ ಹತ್ತಿತು. ಬಿಕ್ಕಳಿಸುತ್ತಲೇ ನೆಲ ಇಡುತ್ತಾ ಹೋದಳು. ಆಮೇಲೆ ಅಳಿಲುಗಳು ಬಂದವು. ಅಣ್ಣನ ಇಲಿಗಳನ್ನು ಓಡಿಸಿದವು, ತಾವೂ ಸತ್ತವು.

ಕೊನೆಗೆ ಅಣ್ಣನಿಗೆ ಉಳಿದದ್ದು ಎರಡು ಜೀವ ಮತ್ತು ಕಾವಲಿಗೆ ಒಬ್ಬ ದೈತ್ಯ. ಮಿಡತೆಗೆ ಒಂದೇ ಜೀವ. ಅವಳ ಕೈಯಲ್ಲಿ ಮೂರು ಅಳಿಲುಗಳಿದ್ದವು. ಒಂಟಿಯಾಗಿ ಕಳಿಸಿದರೆ ದೈತ್ಯ ನುಂಗುತ್ತಾನೆಂದು ಇಟ್ಟುಕೊಂಡಿದ್ದಳು. ಜೊತೆಗೆ ಆ ಒಂದೇ ಡ್ರ್ಯಾಗನ್.

ಒಂದು ಕಾರ್ಡು ಎಳೆದಳು. ನೆಲ. ಆರನೆಯದು.

ಬಿಕ್ಕಳಿಕೆ ನಿಂತೇ ಹೋಯಿತು. ಸರಿಯಾಗಿ ಆರು ಶಕ್ತಿ. ಡ್ರ್ಯಾಗನ್ ಕಾರ್ಡು ಅರ್ಧ ಮೇಲೆದ್ದಿತು. ಅಷ್ಟರಲ್ಲಿ ಅವಳ ಕಣ್ಣು ದೈತ್ಯನ ಮೇಲೆ ಬಿತ್ತು. ಡ್ರ್ಯಾಗನ್ ಬಂದರೆ ಅವನು ಎದುರು ನಿಲ್ಲುತ್ತಾನೆ. ಆದರೆ ಒಂದು ಸಲಕ್ಕೆ ಅವನು ತಡೆಯಬಲ್ಲದ್ದು ಒಂದನ್ನು ಮಾತ್ರ.

ಮೂರು ಅಳಿಲುಗಳನ್ನು ಟಪ್ ಟಪ್ ಟಪ್ ಎಂದು ಇಟ್ಟಳು.

ಒಂದನ್ನು ದೈತ್ಯ ಹಿಡಿದ. ಉಳಿದೆರಡು ದಾಟಿದವು. ಅಣ್ಣ ಎರಡು ಸಲ ಎಣಿಸಿ ನೋಡಿದ, ತಲೆ ಕೆರೆದುಕೊಂಡ, ಆಮೇಲೆ ಲೈಬ್ರರಿಯ ಫಾರ್ಮ್ ತೆಗೆದು ತನ್ನ ಹೆಸರಿನ ಕೆಳಗೆ ಅವಳ ಹೆಸರು ಬರೆದ. ಮಿಡತೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಹಾರಿದಳು. ಅಜ್ಜಿ ಗದರಿದ ಮೇಲೂ ಎರಡು ಸಲ ಹಾರಿದಳು.

ಅಣ್ಣ ಅವಳ ಕೈಯಲ್ಲಿ ಉಳಿದಿದ್ದ ಕಾರ್ಡನ್ನು ತಿರುಗಿಸಿ ನೋಡಿದ. "ಡ್ರ್ಯಾಗನ್ ಇತ್ತಾ ನಿನ್ ಹತ್ರ? ಮತ್ಯಾಕೆ ಇಳಿಸ್ಲಿಲ್ಲ?"

ಮಿಡತೆ ಅದರ ಹೊಳೆಯುವ ರೆಕ್ಕೆಯ ಮೇಲೆ ಬೆರಳಾಡಿಸಿದಳು.

"ಇಳಿಸಬಹುದಿತ್ತು," ಎಂದಳು.

ಹಾಗೆ ಹೇಳುವುದು ಎಷ್ಟು ಚೆನ್ನಾಗಿತ್ತೆಂದರೆ, ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಳು.