ಹಿಟ್ಟಿನ ಅಕ್ಕ

"ಸೂರ್ಯ ಗುಡ್ಡ ದಾಟೋವರೆಗೆ ಇದನ್ನ ಗೊಂಬೆ ಅನ್ಬೇಡಪ್ಪ. ಇದೇ ಲ್ಹಾಮೋ. ಒಳಗೆ ಮಲಗಿರೋಳಿಗೆ ಹೆಸರೇ ಇಲ್ಲ," ಎಂದ ಮಾಟ ಬಿಡಿಸುವ ಗ್ಯಾಲ್ತ್ಸನ್ ಅಜ್ಜ.

ಚೋಸ್ಫೆಲ್ ನಕ್ಕ. ಒಂಬತ್ತು ವರ್ಷ ದೊಡ್ಡ ಮಠದ ಅಂಗಳದಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ವಾದ ಗೆದ್ದ ಲಾಮಾ ಅವನು. ಅಕ್ಕ ಲ್ಹಾಮೋಗೆ ಕಾಯಿಲೆ ಎಂದು ನಿನ್ನೆಯಷ್ಟೇ ಜಂಸ್ಕಾರ್ ಕಣಿವೆಯ ಈ ಹಳ್ಳಿಗೆ ಬಂದಿದ್ದ. ಅವಳ ಹೆಸರು ಬರೆದ ಯಾಕಿನ ಕೊಂಬೊಂದು ಹೊಸ್ತಿಲಡಿ ಸಿಕ್ಕಿತ್ತು. ಯಾರು ಹೂತಿಟ್ಟರೋ, ಅವರ ಕೈ ಸೇದಿಹೋಗಲಿ. ಹನ್ನೆರಡು ದಿನದಿಂದ ಅವಳು ಹಾಸಿಗೆ ಬಿಟ್ಟೆದ್ದಿರಲಿಲ್ಲ. ಮಾಟದ ಬೆನ್ನು ಹತ್ತಿ ಬಂದ ಪೀಡೆಗೆ ಅವಳ ಬದಲು ಗೊಂಬೆ ಕೊಟ್ಟು ಕಳಿಸಬೇಕು. ಗೊಂಬೆಯೇ ಲ್ಹಾಮೋ ಎಂದು ಅದು ನಂಬಬೇಕು. ಅದಕ್ಕೇ ಜವೆಗೋಧಿ ಹಿಟ್ಟಿಗೆ ಅವಳ ಕೂದಲು, ಉಗುರು ಕಲೆಸಿ, ಅವಳದೇ ಅಂಗಿ ತೊಡಿಸಿ ಹಲಗೆಯ ಮೇಲೆ ಕೂರಿಸಿದ್ದರು.

ಮಟಮಟ ಮಧ್ಯಾಹ್ನದಲ್ಲೂ ಒಲೆಮನೆ ಕತ್ತಲು. ಧೂಪಕ್ಕೆ ಸುಟ್ಟ ಶುಕ್ಪಾ ಸೊಪ್ಪಿನ ಹೊಗೆ, ಹಳಸಿದ ಬೆಣ್ಣೆಯ ಕಮಟು. ನೆರೆಯವರು ಗೊಂಬೆಯ ಮುಂದೆ ಚಹಾ ಇಟ್ಟು, ಲ್ಹಾಮೋ ಎಂದು ಕರೆದು, ಕುಡಿಯಲು ಒತ್ತಾಯ ಮಾಡುತ್ತಿದ್ದರು. ಪಂಡಿತ ಚೋಸ್ಫೆಲ್‌ನ ನಾಲಗೆ ಕಡಿಯತೊಡಗಿತು. ಎಡಗಾಲು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ತಟ್ಟಿದ.

"ಲೋಕವೇ ತೋರಿಕೆ ಅಜ್ಜ. ಅಕ್ಕ ಅನ್ನೋದೂ ಬರೀ ಹೆಸರು, ಹಿಟ್ಟು ಅನ್ನೋದೂ ಬರೀ ಹೆಸರು. ಹುಡುಕಿದ್ರೆ ಎರಡರಲ್ಲೂ ಏನೂ ಸಿಗಲ್ಲ. ಎರಡೂ ಒಂದೇ."

ಅಜ್ಜ ಬಾರಿಸುತ್ತಿದ್ದ ಡೋಲು ನಿಂತಿತು. ಅಜ್ಜನ ಮುಖ ಬಿಳಿಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಠದ ವಾದದಲ್ಲಿ ಎದುರಾಳಿ ಸೋತಾಗ ಕೂತಲ್ಲಿಂದಲೇ ಒಂದು ಪದ ಹೇಳುತ್ತಾನೆ. ಆ ಪದ ಹಲಗೆಯ ಮೇಲಿಂದ ಬಂತು.

"ಒಪ್ಪಿದೆ."

ಒಳಗೆ ಅಕ್ಕ ನರಳಿದಳು. ಚೋಸ್ಫೆಲ್ ಓಡಿಹೋಗಿ ಅವಳ ಕೈ ಹಿಡಿದ. ತಣ್ಣಗಿತ್ತು. ಮೆತ್ತಗಿತ್ತು. ಬೆರಳೊತ್ತಿದ ಕಡೆ ಕುಳಿ ಬಿತ್ತು. ಕುಳಿ ತುಂಬಲಿಲ್ಲ. ಮೂಗಿಗೆ ಹಸಿ ಹಿಟ್ಟಿನ ವಾಸನೆ ಬಡಿಯಿತು.

ಅವಳು ಬೇರೆ, ಗೊಂಬೆ ಬೇರೆ ಎಂದು ಕಿರುಚಿದ.

"ಕಾರಣ?" ಎಂದಿತು ದನಿ.

ಒಂಬತ್ತು ವರ್ಷದ ಓದಿನಲ್ಲಿ ಒಂದು ಕಾರಣವೂ ಸಿಗಲಿಲ್ಲ. ಕಲಿತದ್ದೆಲ್ಲ ಆ ದನಿಯ ಪರವಾಗಿಯೇ ಇತ್ತು. ತಾಯಿಯಿಲ್ಲದ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಅವಳ ಕಿವಿ ಕರಗಿ ಕೆನ್ನೆಗೆ ಅಂಟುತ್ತಿತ್ತು. ಉಳಿದದ್ದು ಒಂದೇ ದಾರಿ, ಅದೂ ತನ್ನದೇ ವಾದ.

"ಎರಡೂ ಒಂದಾದ್ರೆ ಮೂರೂ ಒಂದೇ. ನಾನೂ ಹಿಟ್ಟೇ. ಅವಳನ್ನ ಬಿಡು, ನನ್ನ ತಗೋ."

"ಒಪ್ಪಿದೆ."

ಅವನ ಕಾಲು ಮಡಚಿಕೊಂಡಿತು. ಕತ್ತಲೆ. ಉಸಿರಿಲ್ಲ. ಬಾಯಿ ತುಂಬ ಹಿಟ್ಟು. ಮತ್ತೆ ಕಣ್ಣು ಕಂಡಾಗ ಅವನು ಹಲಗೆಯ ಮೇಲಿದ್ದ, ಅಕ್ಕನ ಅಂಗಿಯೊಳಗೆ.

ಒಳಗಿನಿಂದ ಅಕ್ಕನ ದನಿ ಕೇಳಿಸಿತು. ಹಸಿವಾಗಿದೆ, ತಮ್ಮ ಎಲ್ಲಿ ಎಂದು ಕೇಳುತ್ತಿದ್ದಳು. ಬದುಕಿದಳು. ಅವನಿಗೆ ಅಳಬೇಕೆನಿಸಿತು, ಆದರೆ ಕಣ್ಣಿನ ಜಾಗದಲ್ಲಿ ಇದ್ದದ್ದು ಎರಡು ಕಾಳು. ಅಜ್ಜ ಅವನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

ನಾಲ್ವರು ಹಲಗೆ ಎತ್ತಿದರು. ಇವತ್ತು ಯಾಕಿಷ್ಟು ಭಾರ ಎಂದು ಒಬ್ಬ ಗೊಣಗಿದ. ಊರಾಚೆ ಮೂರು ದಾರಿ ಕೂಡುವಲ್ಲಿ ಇಳಿಸಿ, ಪದ್ಧತಿಯಂತೆ ತಿರುಗಿ ನೋಡದೆ ಹೊರಟುಹೋದರು.

ಪ್ರತಿ ಸಲದಂತೆ ಊರ ನಾಯಿಗಳು ಹಿಟ್ಟಿಗಾಗಿ ಅಲ್ಲಿ ಕಾದು ಕೂತಿದ್ದವು.