ಕಂಬಳಿಯಿಂದ ಎದ್ದುಹೋದ ಮಾಸ್ತರು

ಅಮಸಿದ್ದಪ್ಪ ಮಾಸ್ತರು ನನ್ನನ್ನು ಹೆಣ್ಣು ಕೇಳಲು ಹುನ್ನೂರಿಗೆ ಬಂದವರು, ಮಾತಿನ ನಡುವೆ ಎದ್ದು ಹೋದರು. ಜಮಖಂಡಿಯ ಬಸ್ಸಿನ ಹಾರನ್ ಕೇಳಿಸಿತಂತೆ! ಜೊತೆಗೆ ಬಂದಿದ್ದ ಕಾಕಾನನ್ನೂ ಎಬ್ಬಿಸಿಕೊಂಡು ಓಡಿದರು.

ನಮ್ಮಲ್ಲಿ ಕಂಬಳಿ ಹಾಸಿ ಮಾತಿಗೆ ಕುಳಿತರೆ ಮಾತು ಮುಗಿಯುವ ತನಕ ಯಾರೂ ಏಳುವಂತಿಲ್ಲ. ಎದ್ದರೆ ಸಂಬಂಧ ಬೇಡ ಎಂದೇ ಅರ್ಥ. ಮಾಸ್ತರರ ಮನೆಯವರೂ ನಮ್ಮಂತೆ ಕುರುಬರೇ, ಬೀರಪ್ಪ ದೇವರ ಒಕ್ಕಲೇ. ಆದರೆ ಕುರಿ ಬಿಟ್ಟು ಮುಧೋಳದ ಕಚೇರಿ ಸೇರಿ ಎರಡು ತಲೆಮಾರಾಗಿತ್ತು. ಕುರ್ಚಿಯ ಮೇಲೆ ಬೆಳೆದವರಿಗೆ ಕಂಬಳಿಯ ಕಟ್ಟಳೆ ಏನು ಗೊತ್ತು?

ಅಪ್ಪ ಜಕ್ಕಪ್ಪ ಕಂಬಳಿ ಝಾಡಿಸಿದ. "ಆತು ಹೊಳೆವ್ವಾ. ಶನಿವಾರ ಬೀಳಗಿಯವ್ರು ನಿನ್ನ ಕೇಳಾಕ ಬರ್ತಾರ. ಅವ್ರಿಗೇ ಹೂಂ ಅಂತೀನಿ."

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಂದು ವರ್ಷದಿಂದ ಆ ಮನುಷ್ಯ ನನ್ನ ಕಣ್ಣು ತಪ್ಪಿಸಿ ನನ್ನನ್ನೇ ನೋಡುತ್ತಿದ್ದರು. ನಾನೂ ಗೊತ್ತಿಲ್ಲದವಳಂತೆ ಸೆರಗು ಸರಿಪಡಿಸಿಕೊಂಡು ನೋಡಿಸಿಕೊಳ್ಳುತ್ತಿದ್ದೆ.

ನಾವಿಬ್ಬರೂ ಜಮಖಂಡಿಯ ಒಂದೇ ಹೈಸ್ಕೂಲಿನ ಶಿಕ್ಷಕರು. ಅದು ಐವತ್ನಾಲ್ಕನೇ ಇಸವಿ. ಡಿಸೆಂಬರಿನಲ್ಲಿ ಪುಣೆಯಲ್ಲಿ ದೇಶದೇಶಗಳ ಹುಡುಗರ ಶಾಂತಿ ಶಿಬಿರವಿತ್ತು. ನಮ್ಮ ಎಂಟು ಮಕ್ಕಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಕುಳಿತು, ನದಿ ನೀರಿನ ಜಗಳಕ್ಕೆ ಒಪ್ಪಂದ ಹುಡುಕಬೇಕು. ಅವರನ್ನು ತಯಾರು ಮಾಡುವ ಕೆಲಸ ನಮ್ಮಿಬ್ಬರ ಕೊರಳಿಗೆ ಬಿದ್ದಿತ್ತು.

ಮಾಸ್ತರರ ತರಬೇತಿ ಎಂದರೆ ಮೇಜು ಕುಟ್ಟುವುದು. "ಎದುರಿನವ್ರ ಬಾಯಿ ಮುಚ್ಚಸಬೇಕು!" ಆ ಗುರುವಾರ ನದಿಯ ಕೆಳಗಿನ ದೇಶದ ಪ್ರತಿನಿಧಿ ಸತ್ಯವ್ವ ಎಷ್ಟು ಕುಟ್ಟಿದಳೆಂದರೆ, ಮೇಲಿನ ದೇಶದ ನೀಲಕಂಠ ಕಣ್ಣೊರೆಸಿಕೊಂಡು, "ನಾ ಪುಣೆಗೆ ಬರಾಂಗಿಲ್ರೀ ಅಕ್ಕೋರ" ಎಂದ.

"ಮಾಸ್ತರ, ಇನ್ನ ನನ್ನ ಪಾಳಿ," ಎಂದು ನಾನು ನೆಲಕ್ಕೆ ಕಂಬಳಿ ಹಾಸಿದೆ. ಎಲ್ಲರೂ ಕುಳಿತರು, ಪ್ಯಾಂಟು ಸುಕ್ಕಾಗುತ್ತದೆಂದು ಗೊಣಗುತ್ತಾ ಮಾಸ್ತರರೂ ಕುಳಿತರು.

ಜೋಳ ಮೇಯ್ದ ಕುರಿಗಳ ಜಗಳ ಬಂದಾಗ ನನ್ನಪ್ಪ ಮಾಡುವುದನ್ನೇ ಮಕ್ಕಳಿಗೂ ಹೇಳಿದೆ. ಏಳುವಂತಿಲ್ಲ. ಮೊದಲು ಎದುರಿನವರ ಸಂಕಟ ಹೇಳಬೇಕು. ಅವರು "ಹೌದು" ಎಂದ ಮೇಲೆಯೇ ನಮ್ಮದು.

ಸತ್ಯವ್ವ ಮೂರು ಸಲ ಹೇಳಿದಳು. ನೀಲಕಂಠ ಮೂರು ಸಲವೂ "ಅಲ್ಲ" ಎಂದ. ನಾಲ್ಕನೆಯ ಸಲ ಅವಳ ದನಿ ಇಳಿಯಿತು. "ನೀರು ನಿಮ್ಮ ಊರ ಮುಂದನ ಹರದ ಹೋಗತೈತಿ. ಆದ್ರ ನಿಮ್ಮ ಹೊಲ ಒಣಗತಾವು. ಹೌದಿಲ್ಲೋ?"

"ಹೌದು," ಎಂದ ನೀಲಕಂಠ.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮಾಸ್ತರರು ಎದ್ದೇಬಿಟ್ಟರು.

"ಕೂಡ್ರೀ ಸರ!" ಕಂಬಳಿಯ ಕಟ್ಟಳೆ ಬಲ್ಲ ನಮ್ಮೂರ ಸತ್ಯವ್ವ ಕೂಗಿದಳು. "ಎದ್ರ ಸಂಬಂಧ ಬ್ಯಾಡ ಅಂದಂಗ!"

ಮಾಸ್ತರರ ಮುಖ ಬಿಳಚಿಕೊಂಡಿತು. ಮಕ್ಕಳು ಹೋದ ಮೇಲೆ ಮೆಲ್ಲಗೆ ಕೇಳಿದರು. "ಅಂದ್ರ... ಆವತ್ತ ನಿಮ್ಮ ಮನ್ಯಾಗ..."

"ಹೂಂ."

"ನನಗ ಯಾಕ ಹೇಳಲಿಲ್ರೀ?"

"ನೀವರ ಎಲ್ಲಿ ಕೇಳಿದ್ರಿ? ಬಸ್ ಹಿಡಿಯೂ ಅವಸರದಾಗಿದ್ರಿ. ನಾಡದ ಬೀಳಗಿಯವ್ರು ಬರಾಕತ್ತಾರ."

ಶನಿವಾರ ಮುಂಜಾನೆ, ಬೀಳಗಿಯವರಿಗಿಂತ ಮೊದಲೇ, ಮಾಸ್ತರರು ಸೈಕಲ್ ಹೊಡೆದುಕೊಂಡು ಬಂದರು. "ಕಂಬಳಿ ಹಾಸ್ರಿ," ಎಂದು ಅಪ್ಪನಿಗೇ ಹೇಳಿದರು. ಆ ಧೈರ್ಯಕ್ಕೆ ನಾನು ಅಲ್ಲಿಯೇ ಸೋತೆ.

"ಮೊದಲ ನಿಮ್ಮ ಮಾತು ಹೇಳತೀನ್ರಿ," ಎಂದರು. "ಮಗಳನ್ನ ಕೇಳಾಕ ಬಂದಾಂವ ಬಸ್ಸಿಗೆ ಕೊಟ್ಟಷ್ಟೂ ಬೆಲೆ ನಿಮಗ ಕೊಡಲಿಲ್ಲ. ಮಂದಿ ಮುಂದ ಮಾನ ಹೋತು."

"ಅಷ್ಟ ಅಲ್ಲ," ಎಂದ ಅಪ್ಪ.

ಮಾಸ್ತರರು ಕಂಬಳಿಯ ಮೇಲೆ ಇನ್ನಷ್ಟು ಮುಂದೆ ಸರಿದು ಕುಳಿತರು. "ನಾಳೆ ಜಗಳ ಬಂದ್ರ ನನ್ನ ಮಗಳನ್ನೂ ಹಿಂಗ ಬಿಟ್ಟ ಎದ್ದಾನು ಅಂತ ಅಂಜಿಕಿ ನಿಮಗ."

ಅಪ್ಪ ಮೀಸೆ ಒರೆಸಿಕೊಂಡ. "ಹೌದು. ಈಗ ನಿಮ್ಮ ಮಾತು ಹೇಳ್ರಿ."

"ಅಕ್ಕೋರ ಮಾತು ಇನ್ನೂ ಹೇಳಿಲ್ರೀ."

ನಾನು ಬಾಗಿಲ ಮರೆಯಿಂದ ಬಂದು ಎದುರಿಗೇ ಕುಳಿತೆ. ಅವರು ಮೊದಲ ಸಲ ಕಣ್ಣು ತಪ್ಪಿಸದೆ ನೋಡಿದರು.

"ಹೊಳೆವ್ವಗ ನನ್ನ ಮ್ಯಾಲ ಸಿಟ್ಟೈತಿ."

"ಅಷ್ಟ ಅಲ್ಲ," ಎಂದೆ.

"ಪ್ರೀತಿನೂ ಐತಿ."

ಅಪ್ಪ ಕೆಮ್ಮಿದ. ನಾನು ಬಿಡಲಿಲ್ಲ. "ಇನ್ನೂ ಐತ್ರಿ."

"ಲಗ್ನ ಆದ ಮ್ಯಾಲೂ ಸಾಲಿ ಬಿಡಾಂಗಿಲ್ಲ. ಮಕ್ಕಳನ್ನ ಪುಣೆಗೆ ಕರಕೊಂಡ ಹೋಗಾಕಿನೂ ಆಕಿನ. ನಾ ಬೇಕಾದ್ರ ಹಿಂದ ಬರಬೇಕು."

"ಹೌದು," ಎಂದೆ.

ಅಪ್ಪ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದ. "ಮಾಸ್ತರ ಮಾತು ಉಳೀತಲ್ಲ. ಅದನ್ನ ನೀ ಹೇಳಬೇಕಲ್ಲಬೇ?"

ಹೆತ್ತ ತಂದೆಯೆದುರು ಹೇಳುವ ಮಾತೇ ಅದು? ಆದರೂ ಹೇಳಿದೆ. ಹೇಳದಿದ್ದರೆ ಬೀಳಗಿಯವರು ಬಂದೇಬಿಡುತ್ತಿದ್ದರು.

"ಇವ್ರಿಗೆ ನಾ ಬೇಕು ಯಪ್ಪಾ. ಭಾಳ ಬೇಕು. ಒಂದ ವರ್ಷ ಆತು, ಹೇಳಾಕ ಅಂಜಿ..."

"ಹೌದು, ಹೌದ್ರೀ!" ಎಂದರು ಮಾಸ್ತರರು, ನನಗೆ ಮಾತು ಮುಗಿಸಲೂ ಬಿಡದೆ.